ಗುಡ್ಡದ ಕರಂಡೆ, ತೋಟದ ಕೊಕ್ಕೋ

ಧರ್ಮಸ್ಥಳದ ಲಕ್ಷದೀಪೋತ್ಸವ ಮುಗಿದು ಹತ್ತು ಹದಿನೈದು ದಿನಕ್ಕೆ ನಮ್ಮ ಕಡೆ ಚಳಿ ಕಾಲಿಡುತ್ತದೆ. ಇದೂ ಒಂದು ಚಳಿಯೇ ಎಂದು ಘಟ್ಟದ ಮೇಲಿನವರು ಕೇಳಬಹುದು. ಆದರೆ ಚಾರ್ಮಾಡಿಯಿಂದ ಇಳಿದ ಗಾಳಿ ಮುಂಜಾನೆ ಐದು ಗಂಟೆಗೆ ಅಡಿಕೆ ತೋಟದೊಳಗೆ ಸುಳಿಯುವಾಗ ತಲೆಗೊಂದು ಬೈರಾಸು ಸುತ್ತಿಕೊಳ್ಳದೆ ಹಟ್ಟಿಗೆ ಹೋಗಲಾಗುವುದಿಲ್ಲ. ಮೂಡುಬಿದಿರೆಯ ಹಾಸ್ಟೆಲಿನಲ್ಲಿ ಓದುವ ಅಕ್ಕನ ಮಗಳು ಕ್ರಿಸ್‌ಮಸ್ ರಜೆಗೆ ನಮ್ಮಲ್ಲಿಗೆ ಬರುವುದು ಆ ದಿನಗಳಲ್ಲೇ. ನಾಲ್ಕು ವರ್ಷದ ಹಿಂದೆ ಬಂದವಳು ಚೀಲ ಇಳಿಸುವ ಮೊದಲೇ ಹೇಳಿದಳು: "ಚಿಕ್ಕಮ್ಮ, ಈ ಸಲ ಬ್ಲ್ಯಾಕ್ ಫಾರೆಸ್ಟ್ ಮಾಡುವ. ಮೊಟ್ಟೆ ಬೇಡ, ನನಗೆ ಕ್ರಮ ಗೊತ್ತುಂಟು."

ಸಾಮಾನಿಗೆಂದು ಇಬ್ಬರೂ ಉಜಿರೆಗೆ ಹೋದೆವು. ಮೈದಾ, ಕೊಕ್ಕೋ ಪುಡಿ, ಕ್ರೀಮು ಸಿಕ್ಕಿತು. ಚೆರ್ರಿ ಕೇಳಿದಾಗ ಅಂಗಡಿಯವರು ಗಾಜಿನ ಮಣಿಯಂತೆ ಹೊಳೆಯುವ ಕೆಂಪು ಹಣ್ಣಿನ ಸಣ್ಣ ಪ್ಯಾಕೆಟ್ ಇಟ್ಟರು. ಹುಡುಗಿಗೆ ಎಲ್ಲದರ ಹಿಂಬದಿ ಓದುವ ಅಭ್ಯಾಸ. ಇರುವೆ ಸಾಲಿನಂಥ ಅಕ್ಷರಗಳನ್ನು ಮೊಬೈಲ್ ಬೆಳಕಿನಲ್ಲಿ ಓದಿ ತಲೆ ಎತ್ತಿದಳು. "ಇದು ಚೆರ್ರಿ ಅಲ್ಲ ಚಿಕ್ಕಮ್ಮ. ಕರೊಂದ ಅಂತ ಬರೆದಿದ್ದಾರೆ. ಎಂತ ಅದು?"

ಕರೊಂದ ಎಂದರೆ ಕರಂಡೆ. ನಮ್ಮ ಮನೆಯ ಹಿಂದಿನ ಗುಡ್ಡದ ಕರಂಡೆ. ಎಷ್ಟು ಮದುವೆಯ ಐಸ್‌ಕ್ರೀಮಿನ ಮೇಲೆ, ಎಷ್ಟು ಹುಟ್ಟುಹಬ್ಬದ ಕೇಕಿನ ಮೇಲೆ ಅದನ್ನು ತಿಂದಿದ್ದೆ! ಒಂದು ದಿನವೂ ಗುರುತು ಹಿಡಿದಿರಲಿಲ್ಲ. ಚಿಕ್ಕಂದಿನಲ್ಲಿ ಮುಳ್ಳು ಚುಚ್ಚಿಸಿಕೊಂಡು ಕಿತ್ತು ತಿಂದ ಹಣ್ಣು ಪ್ಲಾಸ್ಟಿಕ್ಕಿನೊಳಗೆ ಕೂತು ನನ್ನನ್ನು ನೋಡುತ್ತಿತ್ತು.

ಅಂದಿನಿಂದ ನನಗೆ ಈ ಪದರದ ಕೇಕಿನ ಮೇಲೆ ಒಂದು ಮಮತೆ ಬೆಳೆದಿದೆ. ಪರದೇಶದ್ದೆಂದು ನಾವು ಅಂದುಕೊಂಡ ಈ ತಿಂಡಿಯ ಎರಡು ಮುಖ್ಯ ಸಾಮಾನುಗಳೂ, ಅಂದರೆ ಕಪ್ಪೂ ಕೆಂಪೂ, ನಮ್ಮ ಅಂಗಳದಿಂದ ಕೂಗಳತೆಯೊಳಗೆ ಬೆಳೆಯುತ್ತವೆ. ಕಪ್ಪು ಅಡಿಕೆ ಮರದ ನೆರಳಿನಲ್ಲಿ, ಕೆಂಪು ಗುಡ್ಡದ ಬಿಸಿಲಿನಲ್ಲಿ.

ಸೊನೆ ಅಂಟಿದ ತುಟಿ

ಕರಂಡೆಯನ್ನು ಬೇರೆ ಸೀಮೆಗಳಲ್ಲಿ ಕವಳೆ ಎನ್ನುತ್ತಾರೆ. ಸಸ್ಯಶಾಸ್ತ್ರದವರು ಇಟ್ಟ ಹೆಸರು ಕ್ಯಾರಿಸ್ಸಾ ಕರಂಡಾಸ್. ಅದರ ಎರಡನೆಯ ಪದದಲ್ಲಿ ನಮ್ಮ ಕರಂಡೆಯ ದನಿಯೇ ಇದೆ. ಮಣ್ಣು ಇಲ್ಲವೇ ಇಲ್ಲ ಎನ್ನಿಸುವ ಮುರಕಲ್ಲಿನ ಬಿರುಕಿಗೆ ಬೇರು ಇಳಿಸಿ, ಯಾರೂ ನೀರು ಹಾಕದೆ, ಯಾರೂ ಗೊಬ್ಬರ ಹಾಕದೆ ಬದುಕುವ ಪೊದೆ ಅದು. ಕೊಂಬೆಗೆ ಜೋಡಿ ಮುಳ್ಳು. ಎಲೆ ಕಿತ್ತರೂ ಕಾಯಿ ಕಿತ್ತರೂ ಹಾಲಿನಂಥ ಸೊನೆ. ಬೇಸಿಗೆಯ ಆರಂಭದಲ್ಲಿ ಮಲ್ಲಿಗೆಯನ್ನು ಹೋಲುವ ಬಿಳಿ ಹೂ, ಹಿತವಾದ ಪರಿಮಳ. ಮೇ ತಿಂಗಳಿಗೆ ಹಸಿರು ಕಾಯಿಗೆ ಒಂದು ಕೆನ್ನೆಯಲ್ಲಿ ಕೆಂಪೇರುತ್ತದೆ, ಆಮೇಲೆ ಪೂರ್ತಿ ಕೆಂಪು, ಕೊನೆಗೆ ನೇರಳೆಗಪ್ಪು.

ಹಸಿರು ಇರುವಾಗಲೇ ಕೊಯ್ದರೆ ಉಪ್ಪಿನಕಾಯಿಗೆ. ಅಮ್ಮ ಅದನ್ನು ಉಪ್ಪುನೀರಿನಲ್ಲಿ ಭರಣಿಗೆ ತುಂಬಿಸಿ ಇಟ್ಟರೆ ಆಟಿ ತಿಂಗಳ ಮಳೆಯಲ್ಲಿ ಗಂಜಿಯ ಜೊತೆಗೆ ಹೊರಬರುತ್ತಿತ್ತು. ಹಣ್ಣಾದದ್ದು ಮಾತ್ರ ಮಕ್ಕಳ ಪಾಲು. ಕುಂಟಾಲ, ಕೇಪುಳ, ನೇರಳೆ ಎಲ್ಲ ಒಂದರ ಹಿಂದೆ ಒಂದು ಬರುವ ಆ ರಜೆಯಲ್ಲಿ ನಮಗೆ ಮಧ್ಯಾಹ್ನದ ಊಟದ ನೆನಪೇ ಇರುತ್ತಿರಲಿಲ್ಲ. ಸಂಜೆ ಮನೆಗೆ ಬಂದರೆ ಸೊನೆಯಿಂದ ತುಟಿಗೆ ತುಟಿ ಅಂಟಿರುತ್ತಿತ್ತು. ಅಜ್ಜಿ ತೆಂಗಿನೆಣ್ಣೆ ಉಜ್ಜಿ ಬಿಡಿಸುತ್ತಿದ್ದರು.

ಅದೇ ಕರಂಡೆ ಚೆರ್ರಿಯಾಗುವ ಬಗೆ ಹೀಗೆ. ನಿಜವಾದ ಚೆರ್ರಿ ಬೆಳೆಯುವುದು ಕಾಶ್ಮೀರ, ಹಿಮಾಚಲದಂಥ ಚಳಿಯ ಸೀಮೆಗಳಲ್ಲಿ. ಬೇಸಿಗೆಯ ಕೆಲವು ವಾರ ಮಾತ್ರ ಸಿಗುತ್ತದೆ, ಬೇಗ ಕೆಡುತ್ತದೆ, ಬೆಲೆಯೂ ಜಾಸ್ತಿ. ವರ್ಷವಿಡೀ ಊರೂರಿನ ಬೇಕರಿಗೆ ಬೇಕಾದ ಕೆಂಪು ಹಣ್ಣು ಅದರಿಂದ ಪೂರೈಸುವುದಿಲ್ಲ. ಆದ್ದರಿಂದ ಇನ್ನೂ ಗಟ್ಟಿಯಿರುವ ಕರಂಡೆಯನ್ನು ಕೊಯ್ದು, ಉಪ್ಪುನೀರಿನಲ್ಲಿ ನೆನೆಸಿ ಸೊನೆ, ಹುಳಿ, ಒಗರು ಇಳಿಸಿ, ಬೀಜ ತೆಗೆದು, ಕೆಂಪು ಬಣ್ಣದಲ್ಲಿ ಕುದಿಸುತ್ತಾರೆ. ಆಮೇಲೆ ಸಕ್ಕರೆ ಪಾಕ. ಪಾಕವನ್ನು ಮೊದಲು ತೆಳ್ಳಗೆ ಮಾಡಿ, ದಿನ ಕಳೆದಂತೆ ಸಕ್ಕರೆ ಸೇರಿಸಿ ಗಟ್ಟಿ ಮಾಡುತ್ತಾ ಹೋಗಬೇಕು. ಒಂದೇ ಸಲ ಗಟ್ಟಿ ಪಾಕಕ್ಕೆ ಹಾಕಿದರೆ ಹಣ್ಣಿನೊಳಗಿನ ನೀರು ಒಮ್ಮೆಲೇ ಹೊರಗೆ ಬಂದು ಹಣ್ಣು ಸುಕ್ಕುಗಟ್ಟುತ್ತದೆ. ನೆಲ್ಲಿಕಾಯಿ ಮುರಬ್ಬ ಮಾಡಿದವರಿಗೆ ಇದು ಗೊತ್ತಿರುವ ಸಂಗತಿ.

ಆ ಬಣ್ಣದ ಬಗ್ಗೆಯೂ ಒಂದು ಮಾತು. ಇಂಥ ಹಣ್ಣಿಗೆ ಬಹಳ ಕಾಲದಿಂದ ಬಳಸುತ್ತಿರುವುದು ಎರಿಥ್ರೋಸಿನ್, ಪ್ಯಾಕೆಟಿನ ಮೇಲೆ ಇ127 ಎಂದೂ ಬರೆಯುತ್ತಾರೆ. ಹುಳಿಯಲ್ಲಿ ಅದು ಕರಗುವುದಿಲ್ಲ. ಹಣ್ಣಿನ ಮೈಗೆ ಹಿಡಿದು ನಿಲ್ಲುತ್ತದೆ, ಪಕ್ಕದ ಬಿಳಿ ಕ್ರೀಮಿಗೆ ಇಳಿಯುವುದಿಲ್ಲ. ಅದಕ್ಕೇ ಬೇಕರಿಯವರಿಗೆ ಅದು ಅನುಕೂಲ. ನಮ್ಮ ದೇಶದಲ್ಲಿ ಮಿತಿಯೊಳಗೆ ಬಳಸಲು ಅನುಮತಿ ಇದೆ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2025ರ ಜನವರಿಯಲ್ಲಿ ಇದನ್ನು ಆಹಾರದಲ್ಲಿ ಬಳಸುವ ಅನುಮತಿ ಹಿಂತೆಗೆದುಕೊಂಡು ತಯಾರಕರಿಗೆ 2027ರವರೆಗೆ ಸಮಯ ಕೊಟ್ಟಿದೆ.

ನನಗೆ ಬಣ್ಣಕ್ಕಿಂತ ಹೆಚ್ಚು ಸಂಕಟ ಕೊಡುವುದು ಬೇರೆ. ಇಷ್ಟೆಲ್ಲ ಆದ ಮೇಲೆ ಹಣ್ಣಿನಲ್ಲಿ ಉಳಿಯುವುದೇನು? ಆ ಹುಳಿ ಇಲ್ಲ, ಆ ಒಗರು ಇಲ್ಲ, ಮಾಗಿದ ಕರಂಡೆಯ ಕಡುಕೆಂಪು ರಸ ಇಲ್ಲ. ತನ್ನ ಹೆಸರನ್ನೂ ಬಿಟ್ಟು ಕೊಟ್ಟಿದೆ. ಚೆರ್ರಿಯ ವೇಷ ಹಾಕಿದ ಕರಂಡೆ ಚೆರ್ರಿಯೂ ಅಲ್ಲ, ಕರಂಡೆಯೂ ಅಲ್ಲ. ಅದನ್ನು ಕರಂಡೆಯಾಗಿಯೇ ಇಟ್ಟರೆ ಏನಾಗುತ್ತದೆ ಎಂದು ನೋಡುವ ಹಂಬಲ ಹುಟ್ಟಿದ್ದು ಹೀಗೆ.

ಕಪ್ಪುಕಾಡಿನಿಂದ ಬಂದವರು, ಬಾರದ ಕೇಕು

ಬ್ಲ್ಯಾಕ್ ಫಾರೆಸ್ಟ್ ಎಂದರೆ ಜರ್ಮನಿಯ ನೈರುತ್ಯ ಮೂಲೆಯ ಕಾಡು ಬೆಟ್ಟಗಳ ಸೀಮೆ. ಅಲ್ಲಿ ಚೆರ್ರಿ ಹಣ್ಣನ್ನು ಹುಳಿಯಿಸಿ ಭಟ್ಟಿ ಇಳಿಸಿದ ಮದ್ಯಕ್ಕೆ ಕಿರ್ಷ್ ಎನ್ನುತ್ತಾರೆ. ಚಾಕೊಲೆಟ್ ಕೇಕಿನ ಪದರ, ಕಿರ್ಷ್, ಹುಳಿ ಚೆರ್ರಿ, ಕಡೆದ ಕೆನೆ ಇವು ಸೇರಿದರೆ ಅವರ ಕೇಕು. ಅಲ್ಲಿನ ನಿಯಮದ ಪ್ರಕಾರ ಕಿರ್ಷ್ ಇಲ್ಲದಿದ್ದರೆ ಆ ಹೆಸರಿನಲ್ಲಿ ಮಾರುವಂತಿಲ್ಲ. ಯೋಸೆಫ್ ಕೆಲ್ಲರ್ ಎಂಬ ಮಿಠಾಯಿಗಾರ 1915ರಲ್ಲಿ ಬಾನ್ ನಗರದ ಪಕ್ಕದ ಬಾಡ್ ಗೋಡೆಸ್‌ಬರ್ಗಿನ ಒಂದು ಕೆಫೆಯಲ್ಲಿ ಇದನ್ನು ಮೊದಲು ಮಾಡಿದ್ದು ತಾನೇ ಎಂದು ಹೇಳಿಕೊಂಡಿದ್ದ. ಅದನ್ನು ಒಪ್ಪದವರೂ ಇದ್ದಾರೆ. ಬರಹದಲ್ಲಿ ಹೆಸರು ಸಿಗುವುದು 1934ರಿಂದ. ಕಪ್ಪು ಉಡುಪು, ಬಿಳಿ ರವಿಕೆ, ತಲೆಯ ಮೇಲೆ ಕೆಂಪು ಉಣ್ಣೆಯುಂಡೆಗಳ ಟೋಪಿ: ಆ ಸೀಮೆಯ ಹೆಣ್ಣುಮಕ್ಕಳ ಹಬ್ಬದ ಈ ಉಡುಗೆಯನ್ನೇ ಕೇಕು ಹೋಲುತ್ತದೆ ಎಂಬ ಮಾತೂ ಇದೆ. ನನಗೆ ಈ ಕತೆ ಇಷ್ಟ.

ಈ ಕಾಡಿನ ದಕ್ಷಿಣದ ಅಂಚಿಗೆ, ರೈನ್ ನದಿಯ ತಿರುವಿನಲ್ಲಿ ಇರುವ ಊರು ಬಾಸೆಲ್. ಕರಾವಳಿಯವರಿಗೆ ಆ ಹೆಸರು ಹೇಳಿಕೊಡಬೇಕಾಗಿಲ್ಲ. ಬಾಸೆಲ್ ಮಿಶನ್ನಿನ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಹುಟ್ಟಿದ್ದು ವ್ಯೂರ್ಟೆಂಬರ್ಗಿನಲ್ಲಿ, ಕಪ್ಪುಕಾಡಿಗೆ ದೂರವಲ್ಲದ ಸೀಮೆಯಲ್ಲಿ. ಮಿಶನ್ನಿನವರಿಂದ ನಮಗೆ ಪತ್ರಿಕೆ ಬಂತು, ಅಚ್ಚುಮೊಳೆ ಬಂತು, ಮಗ್ಗ ಬಂತು. 1865ರಿಂದ ಹೆಂಚೂ ಬಂತು. ನಮ್ಮ ತಲೆಯ ಮೇಲಿನ ಮಾಡಿನ ರೂಪವನ್ನೇ ಅದು ಬದಲಿಸಿತು. 1894ರಲ್ಲಿ ಕಿಟ್ಟೆಲರ ನಿಘಂಟು ಬಂತು. ಕೇಕು ಮಾತ್ರ ಬರಲಿಲ್ಲ. ಕೆಲ್ಲರ್ ಹೇಳುವ 1915ರ ಹೊತ್ತಿಗೆ ಮೊದಲ ಮಹಾಯುದ್ಧ ಶುರುವಾಗಿತ್ತು, ಬ್ರಿಟಿಷರ ಆಳ್ವಿಕೆಯಲ್ಲಿ ಇಲ್ಲಿದ್ದ ಜರ್ಮನ್ ಪಾದ್ರಿಗಳು ಶತ್ರುದೇಶದವರಾಗಿದ್ದರು, ಮಿಶನ್ನಿನ ಕಾರ್ಖಾನೆಗಳು ಬೇರೆ ಕೈಗೆ ಹೋಗುವುದರಲ್ಲಿದ್ದವು. ಕಪ್ಪುಕಾಡಿನ ಸೀಮೆಯವರು ಎಂಬತ್ತು ವರ್ಷ ನಮ್ಮ ಜೊತೆಗೇ ಇದ್ದು ಹೊರಡುವ ಹೊತ್ತಿಗೆ ಆ ಕೇಕು ಹುಟ್ಟಿತು. ಅದು ನಮ್ಮ ಪೇಟೆಗಳಿಗೆ ಬಂದದ್ದು ಎಷ್ಟೋ ಕಾಲದ ನಂತರ, ಬೇಕರಿಗಳ ಗಾಜಿನ ಪೆಟ್ಟಿಗೆಯಲ್ಲಿ, ಕಿರ್ಷೂ ಇಲ್ಲದೆ ಚೆರ್ರಿಯೂ ಇಲ್ಲದೆ.

ಹಾಗೆ ಇಲ್ಲದ್ದಕ್ಕೆ ಇದ್ದದ್ದನ್ನು ಹಾಕುವುದು ಈ ಕರಾವಳಿಗೆ ಹೊಸತಲ್ಲ. ಕೆಳಗೆ ತಲಶೇರಿಯಲ್ಲಿ 1883ರ ಕ್ರಿಸ್‌ಮಸ್ಸಿಗೆ ಮಂಬಳ್ಳಿ ಬಾಪು ಎಂಬ ಬೇಕರಿಯವರು ಮುರ್ಡೋಕ್ ಬ್ರೌನ್ ಎಂಬ ತೋಟದ ದೊರೆಗೆ ಕೇಕು ಮಾಡಿಕೊಟ್ಟ ಕತೆ ಪ್ರಸಿದ್ಧ. ದೊರೆ ಬ್ರಾಂದಿ ಹಾಕಲು ಹೇಳಿದ್ದ, ಬಾಪು ಗೇರುಹಣ್ಣಿನ ಊರ ಮದ್ಯ ಹಾಕಿದರು, ದೊರೆ ಮೆಚ್ಚಿದ ಎಂದು ಹೇಳುತ್ತಾರೆ. ಬಾಪು ಮಾಡಿದ್ದು ನನಗೆ ದೊಡ್ಡ ಧೈರ್ಯ.

ಅಡಿಕೆ ನೆರಳಿನ ಕಪ್ಪು

ಕೊಕ್ಕೋ ಈ ಸೀಮೆಗೆ ಬಂದು ಬಹಳ ಕಾಲವೇನೂ ಆಗಿಲ್ಲ. 1798ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತಮಿಳುನಾಡಿನ ಕುತ್ತಾಲಂನಲ್ಲಿ ಕೆಲವು ಗಿಡ ನೆಟ್ಟದ್ದುಂಟು. ಅದು ಅಲ್ಲಿಗೇ ನಿಂತಿತು. ವ್ಯಾಪಾರದ ಬೆಳೆಯಾಗಿ ಶುರುವಾದದ್ದು 1965ರಲ್ಲಿ ವಯನಾಡಿನ ಚುಂಡೇಲಿನಲ್ಲಿ ಕ್ಯಾಡ್‌ಬರಿ ಕಂಪನಿಯ ಪ್ರಾತ್ಯಕ್ಷಿಕೆ ತೋಟದಿಂದ. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಿಂದಲೇ ಇದ್ದ ಅಡಿಕೆ ಸಂಶೋಧನಾ ಕೇಂದ್ರ 1970ರಲ್ಲಿ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆಗೆ ಸೇರಿತು. ಅಡಿಕೆಯ ಸಾಲುಗಳ ನಡುವೆ ಕೊಕ್ಕೋ ಹೇಗೆ ನೆಡಬೇಕು, ಹೇಗೆ ಸವರಬೇಕು ಎಂಬುದನ್ನೆಲ್ಲ ನಮ್ಮ ಹಿರಿಯರಿಗೆ ಕಲಿಸಿದ್ದು ಆ ಕೇಂದ್ರ. ಕೊಕ್ಕೋಗೆ ನೆರಳು ಬೇಕು, ನಮ್ಮಲ್ಲಿ ನೆರಳು ಧಾರಾಳ. ಅಡಿಕೆಗೆ ಬಿಟ್ಟ ನೀರಿನಲ್ಲೇ ಅದೂ ಕುಡಿಯುತ್ತದೆ, ತನ್ನ ಎಲೆ ಉದುರಿಸಿ ನೆಲಕ್ಕೆ ಹೊದಿಕೆ ಹಾಸುತ್ತದೆ.

1979-80ರ ಹೊತ್ತಿಗೆ ಬೆಲೆ ಕುಸಿಯಿತು. ಖಾಸಗಿ ಖರೀದಿದಾರರು ಹಿಂದೆ ಸರಿದರು. ಕೊಯ್ದ ಕಾಯಿಯನ್ನು ಏನು ಮಾಡುವುದೆಂದು ತಿಳಿಯದೆ ಗಿಡವನ್ನೇ ಕಡಿದವರಿದ್ದರು. ನಮ್ಮ ಮಾವನವರೂ ಒಂದು ಸಾಲು ಕಡಿಸಿದ್ದರಂತೆ. ಉಳಿದ ಸಾಲಿಗೆ ಕೊಡಲಿ ಹಾಕಲು ಮನಸ್ಸು ಬರಲಿಲ್ಲ ಎಂದು ಅತ್ತೆ ಈಗಲೂ ಹೇಳುತ್ತಾರೆ. ಆಗ ಕೊಕ್ಕೋ ಕೊಳ್ಳಲು ಮುಂದೆ ಬಂದದ್ದು ಕ್ಯಾಂಪ್ಕೊ. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಹುಟ್ಟಿದ ಬೆಳೆಗಾರರ ಸಹಕಾರಿ ಸಂಸ್ಥೆ ಅದು. ಅಡಿಕೆಗೆಂದು ಕಟ್ಟಿಕೊಂಡ ಸಂಸ್ಥೆ ಹಸಿ ಬೀಜ ಕೊಂಡಿತು, ಹೊರದೇಶಕ್ಕೆ ಕಳಿಸಿತು, ಕೊನೆಗೆ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೆಟ್ ಕಾರ್ಖಾನೆಯನ್ನೇ ಕಟ್ಟಿತು. 1986ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಅದನ್ನು ಉದ್ಘಾಟಿಸಿದರು. ಬೆಳೆಗಾರರು ತಾವೇ ಒಡೆಯರಾಗಿ ಚಾಕೊಲೆಟ್ ಕಾರ್ಖಾನೆ ನಡೆಸುವುದು ಸಣ್ಣ ಸಂಗತಿಯಲ್ಲ. ಅದನ್ನು ನಾವು ಸಾಕಷ್ಟು ಹೆಮ್ಮೆಯಿಂದ ಹೇಳಿಕೊಂಡಿಲ್ಲ ಎಂದು ನನಗೆ ಅನ್ನಿಸುತ್ತದೆ. 2024ರಲ್ಲಿ ಪಶ್ಚಿಮ ಆಫ್ರಿಕಾದ ಘಾನಾ, ಐವರಿ ಕೋಸ್ಟ್‌ಗಳಲ್ಲಿ ಹವಾಮಾನ ಕೆಟ್ಟು, ರೋಗ ಹಬ್ಬಿ ಬೆಳೆ ಹೋದಾಗ ಜಗತ್ತಿನ ಪೇಟೆಯಲ್ಲಿ ಕೊಕ್ಕೋ ಬೆಲೆ ಟನ್ನಿಗೆ 10,000 ಡಾಲರ್ ದಾಟಿತು. ಆ ಬಿಸಿ ನಮ್ಮ ತೋಟದವರೆಗೂ ಮುಟ್ಟಿತು. ಮೂಲೆಯ ಗಿಡಕ್ಕೂ ಬೋರ್ಡೋ ದ್ರಾವಣ ಸಿಕ್ಕಿತು.

ಮಳೆಗಾಲ ಹಿಡಿಯುವ ಮುಂಚೆ ಒಮ್ಮೆ, ಮಳೆ ಬಿಟ್ಟ ಮೇಲೆ ಇನ್ನೊಮ್ಮೆ ಕೊಕ್ಕೋ ಕಾಯಿ ಜೋರು. ಹೂವು ಕಾಂಡದ ಮೇಲೆಯೇ ಬಿಡುತ್ತದೆ, ತೀರಾ ಸಣ್ಣದು. ಅಷ್ಟು ಸಣ್ಣ ಹೂವಿನಿಂದ ಅಂಗೈ ಮೀರುವ ಕಾಯಿ ಆಗಲು ಐದಾರು ತಿಂಗಳು. ಹಸಿರು ಹಳದಿಗೆ ತಿರುಗಿತೆಂದರೆ ಅಳಿಲಿಗೂ ಮಂಗಕ್ಕೂ ನಮಗಿಂತ ಮೊದಲು ಗೊತ್ತು. ತೂತು ಕೊರೆದು ಒಳಗಿನ ಬಿಳಿ ಲೋಳೆ ಚೀಪಿ ಬೀಜ ಉಗುಳುತ್ತವೆ. ಉಗುಳಿದಲ್ಲಿ ಗಿಡ. ನಮ್ಮ ತೋಡಿನ ಬದಿಯ ಗಿಡಗಳೆಲ್ಲ ಅಳಿಲು ನೆಟ್ಟವು.

ಹೆಚ್ಚಿನವರು ಹಸಿ ಬೀಜವನ್ನೇ ಮಾರುತ್ತಾರೆ. ನಾನು ವರ್ಷಕ್ಕೊಮ್ಮೆ ಒಂದು ಬುಟ್ಟಿ ಮನೆಗೆಂದು ಇಟ್ಟುಕೊಳ್ಳುತ್ತೇನೆ. ಕತ್ತಿ ಹಾಕದೆ, ಮರದ ಕೊಡತಿಯಲ್ಲಿ ಬಡಿದು ಕಾಯಿ ಒಡೆಯಬೇಕು. ಬೀಜಕ್ಕೆ ಗಾಯವಾದರೆ ಬೂಸಲು ಹಿಡಿಯುತ್ತದೆ. ಬುಟ್ಟಿಗೆ ಬಾಳೆಲೆ ಹಾಸಿ, ತುಂಬಿಸಿ, ಮೇಲೆ ಬಾಳೆಲೆ ಮುಚ್ಚಿ ಭಾರ ಹೇರಿದರೆ ಎರಡನೇ ದಿನಕ್ಕೆ ಒಳಗೆ ಕೈ ಇಡಲಾರದಷ್ಟು ಬಿಸಿ. ಮೊದಲು ಹುಳಿಹೆಂಡದ ವಾಸನೆ, ಆಮೇಲೆ ವಿನೆಗರಿನ ವಾಸನೆ. ಮೂರನೆಯ ದಿನ, ಐದನೆಯ ದಿನ ಮಗುಚಬೇಕು. ಆರು ದಿನಕ್ಕೆ ಹುದುಗು ಮುಗಿಯುತ್ತದೆ. ಚಾಕೊಲೆಟ್ಟಿನ ಪರಿಮಳಕ್ಕೆ ಬೀಜ ಬಿತ್ತುವುದು ಆ ಆರು ದಿನಗಳೇ. ಹುದುಗು ಬಾರದ ಬೀಜವನ್ನು ಎಷ್ಟು ಹುರಿದರೂ ಬರಿಯ ಕಹಿ. ಆಮೇಲೆ ಅಂಗಳದಲ್ಲಿ ಅಡಿಕೆಯ ಪಕ್ಕ ಹರಡಿ ಒಣಗಿಸುವುದು. ಇಪ್ಪತ್ತೈದು ಮೂವತ್ತು ಕಾಯಿಗೆ ಸುಮಾರು ಒಂದು ಕಿಲೋ ಒಣ ಬೀಜ.

ಹುರಿದು, ಸಿಪ್ಪೆ ಕೇರಿ, ಇಡ್ಲಿ ಹಿಟ್ಟು ಅರೆಯುವ ಗ್ರೈಂಡರಿಗೆ ಹಾಕಿದರೆ ಅರ್ಧ ಗಂಟೆಯಲ್ಲಿ ಅದು ಪುಡಿಯಾಗುವ ಬದಲು ಕರಗಿ ಹರಿಯತೊಡಗುತ್ತದೆ. ಬೀಜದ ಹತ್ತಿರ ಹತ್ತಿರ ಅರ್ಧ ಭಾಗ ಬೆಣ್ಣೆ. ಅಮೆರಿಕದಲ್ಲಿ ಬೀಜದಿಂದ ಬಾರಿನವರೆಗೆ ತಾವೇ ಮಾಡುವ ಎಷ್ಟೋ ಸಣ್ಣ ಚಾಕೊಲೆಟ್ ತಯಾರಕರು ಕೆಲಸ ಶುರು ಮಾಡಿದ್ದು ನಮ್ಮ ದೋಸೆ ಗ್ರೈಂಡರಿನ ಕಲ್ಲಿನಲ್ಲೇ ಎಂದು ಓದಿದಾಗ ನಾನು ನಮ್ಮ ಹಳೆಯ ಗ್ರೈಂಡರನ್ನು ಎದ್ದು ಹೋಗಿ ಒರೆಸಿ ಬಂದೆ. ಆ ಬೆಣ್ಣೆಯನ್ನು ಹಿಂಡಿ ತೆಗೆದರೆ ಮಾತ್ರ ಕೊಕ್ಕೋ ಪುಡಿ. ಅದಕ್ಕೆ ದೊಡ್ಡ ಒತ್ತುಯಂತ್ರ ಬೇಕು. ಆದ್ದರಿಂದ ನನ್ನ ಕೇಕಿನ ಹಿಟ್ಟಿಗೆ ಅಂಗಡಿಯ ಪುಡಿ, ನಡುವಿನ ಚಾಕೊಲೆಟ್ ಪದರಕ್ಕೆ ಮನೆಯ ಬೀಜ.

ಮೇ ತಿಂಗಳಲ್ಲಿ ಶುರು, ಡಿಸೆಂಬರಿನಲ್ಲಿ ಮುಗಿತಾಯ

ಈ ಕೇಕಿಗೆ ಮೇ ತಿಂಗಳಲ್ಲೇ ಕೆಲಸ ಶುರು ಮಾಡಬೇಕು. ಕೆಂಪು ಮೀರಿ ನೇರಳೆಗೆ ತಿರುಗಿದ ಕರಂಡೆ ಒಂದು ಕಿಲೋ. ಸೊನೆ ಹೋಗುವಂತೆ ಎರಡು ಮೂರು ನೀರಿನಲ್ಲಿ ತೊಳೆದು, ಅರ್ಧಕ್ಕೆ ಸೀಳಿ, ಬೀಜ ಚಾಕುವಿನ ತುದಿಯಲ್ಲಿ ತೆಗೆಯಬೇಕು. ಬೇಸರದ ಕೆಲಸ, ಯಾರಾದರೂ ಜೊತೆಗೆ ಕೂತರೆ ಮಾತಿನಲ್ಲಿ ಮುಗಿಯುತ್ತದೆ. ಮುಕ್ಕಾಲು ಕಿಲೋ ಸಕ್ಕರೆಯಲ್ಲಿ ಒಂದು ರಾತ್ರಿ ಇಟ್ಟರೆ ತನ್ನ ನೀರು ತಾನೇ ಬಿಡುತ್ತದೆ. ಬೆಳಗ್ಗೆ ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿ. ಕರಂಡೆಯಲ್ಲಿ ಪೆಕ್ಟಿನ್ ಧಾರಾಳ ಇರುವುದರಿಂದ ಬೇರೇನೂ ಹಾಕದೆ ಗಟ್ಟಿಯಾಗುತ್ತದೆ. ಅದಕ್ಕೇ ಒಂದು ಎಚ್ಚರ: ಬಿಸಿ ಇರುವಾಗ ಸ್ವಲ್ಪ ನೀರಾಗಿದೆ ಎನ್ನಿಸುವಾಗಲೇ ಇಳಿಸಬೇಕು. ಬಣ್ಣ? ಯಾವ ಬಾಟಲಿಯ ಬಣ್ಣವೂ ಬೇಡ. ದಾಸವಾಳವನ್ನೂ ಮೀರಿಸುವ ಕೆಂಪು.

ಇನ್ನು ಕಿರ್ಷ್. ನಮ್ಮ ಅಡುಗೆಮನೆಗೆ ಅದು ಬಾರದು. ಅದರ ಜಾಗಕ್ಕೆ ಪುನರ್ಪುಳಿ ಎಂದು ಹೊಳೆದದ್ದು ಅಕ್ಕನ ಮಗಳಿಗೆ. ಒಣಗಿಸಿಟ್ಟ ಸಿಪ್ಪೆ ಏಳೆಂಟು, ಬಿಸಿನೀರಿನಲ್ಲಿ ನೆನೆಸಿ, ಸಕ್ಕರೆ ಹಾಕಿ ಕುದಿಸಿ ಸೋಸಿದರೆ ಆಯಿತು. ಕೇಕಿನ ಪದರಕ್ಕೆ ಇದನ್ನು ಚಮಚದಿಂದ ಚಿಮುಕಿಸಬೇಕು, ತೋಯಿಸಬಾರದು. ಹೆಚ್ಚಾದರೆ ಹುಳಿ ಮೇಲಿನ ಕ್ರೀಮನ್ನು ಒಡೆಸುತ್ತದೆ.

ಕೇಕಿಗೆ ಒಂದೂಕಾಲು ಕಪ್ ಮೈದಾ, ಕಾಲು ಕಪ್ ಕೊಕ್ಕೋ ಪುಡಿ, ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್ ಒಟ್ಟಿಗೆ ಮೂರು ಸಲ ಜರಡಿ ಹಿಡಿಯಬೇಕು. ಒಂದು ಕಪ್ ಗಟ್ಟಿ ಮೊಸರಿಗೆ ಮುಕ್ಕಾಲು ಕಪ್ ಸಕ್ಕರೆ ಪುಡಿ ಕರಗಿಸಿ, ಅರ್ಧ ಟೀ ಚಮಚ ಅಡುಗೆ ಸೋಡ ಹಾಕಿ ಐದು ನಿಮಿಷ ಬಿಟ್ಟರೆ ಮೊಸರು ನೊರೆಯೇಳುತ್ತದೆ. ಮೊಟ್ಟೆಯ ಕೆಲಸ ಮಾಡುವುದು ಈ ನೊರೆ. ಅದಕ್ಕೆ ಅರ್ಧ ಕಪ್ ಎಣ್ಣೆ. ತೆಂಗಿನೆಣ್ಣೆ ಬೇಡ, ಫ್ರಿಜ್ಜಿನಲ್ಲಿಟ್ಟ ಕೂಡಲೇ ಹೆಪ್ಪುಗಟ್ಟಿ ಕೇಕು ಗಡುಸಾಗುತ್ತದೆ. ಮೂರು ದೊಡ್ಡ ಚಮಚ ಬಿಸಿ ಕಾಫಿ ಡಿಕಾಕ್ಷನ್ ಸೇರಿಸಿದರೆ ಕೊಕ್ಕೋದ ಪರಿಮಳ ಏಳುತ್ತದೆ. ಚಾರ್ಮಾಡಿ ಹತ್ತಿದರೆ ಕಾಫಿ ತೋಟ, ಇಳಿದರೆ ಕೊಕ್ಕೋ ತೋಟ, ಇವೆರಡೂ ಒಂದು ಪಾತ್ರೆಯಲ್ಲಿ ಸೇರಲಿ. ಹಿಟ್ಟು ಹಾಕಿದ ಮೇಲೆ ಜಾಸ್ತಿ ಕಲಸಬಾರದು. ಓವನ್ ಇದ್ದರೆ 180 ಡಿಗ್ರಿಯಲ್ಲಿ 35 ನಿಮಿಷ. ಇಲ್ಲದಿದ್ದರೆ ದಪ್ಪ ಪಾತ್ರೆಗೆ ಎರಡು ಬೆರಳು ಮರಳು ಹಾಕಿ ಕಾಯಿಸಿ ಒಳಗಿಟ್ಟು ಮುಚ್ಚಿದರೆ ಮುಕ್ಕಾಲು ಗಂಟೆಗೂ ಸ್ವಲ್ಪ ಮೇಲೆ.

ಕೇಕನ್ನು ಅದೇ ದಿನ ಕತ್ತರಿಸುವ ಆತುರ ಬೇಡ. ಒಂದು ರಾತ್ರಿ ಇಟ್ಟು, ಮರುದಿನ ಸುತ್ತಲೂ ಚಾಕುವಿನಿಂದ ಗೀರು ಎಳೆದು, ಗೀರಿಗೆ ಹೊಲಿಗೆ ನೂಲು ಕೂರಿಸಿ ಎರಡೂ ತುದಿ ಎಳೆದರೆ ಕಾಗದ ಕತ್ತರಿಸಿದಂತೆ ಪದರ ಬಿಡುತ್ತದೆ. ಮೂರು ಪದರ.

ನಮ್ಮ ಹವೆಯಲ್ಲಿ ಸೋಲಿಸುವುದು ಕ್ರೀಮು. ಕಡೆದರೆ ನಿಲ್ಲಬೇಕಾದ ಕ್ರೀಮಿಗೆ ಶೇಕಡಾ 30ಕ್ಕಿಂತ ಹೆಚ್ಚು ಕೊಬ್ಬು ಬೇಕು, ಒಳ್ಳೆ ತಂಪು ಬೇಕು. ಮೊದಲ ವರ್ಷ ನಾವು ಶೇಕಡಾ 25 ಕೊಬ್ಬಿನದ್ದನ್ನು ತಂದು, ಮಧ್ಯಾಹ್ನ ಎರಡು ಗಂಟೆಗೆ ಕಡೆಯಲು ಕೂತೆವು. ಎಷ್ಟು ಕಡೆದರೂ ಏಳಲಿಲ್ಲ. ಹಚ್ಚಿದ್ದು ಬದಿಯಿಂದ ಇಳಿಯಿತು, ಮೇಲಿನ ಪದರ ಜಾರಿತು. ಹುಡುಗಿಯ ಕಣ್ಣಲ್ಲಿ ನೀರು. ಅತ್ತೆ ಒಳಗಿನಿಂದ ಸ್ಟೀಲಿನ ಲೋಟಗಳನ್ನು ತಂದಿಟ್ಟು, "ಗಡ್‌ಬಡ್ ಐಸ್‌ಕ್ರೀಮ್ ತಿನ್ನುವಾಗ ಯಾರಾದರೂ ಅದು ನಿಂತಿದೆಯಾ ಬಿದ್ದಿದೆಯಾ ಅಂತ ನೋಡ್ತಾರಾ? ಇದಕ್ಕೆ ತುಂಬಿಸು" ಎಂದರು. ಅಷ್ಟೇ. ಕೇಕಿನ ಪುಡಿ, ಕರಂಡೆ, ಕ್ರೀಮು, ಮತ್ತೆ ಕೇಕು, ಚಾಕೊಲೆಟ್. ಹೇಗೂ ಪದರ ಪದರವಾಗಿ ಲೋಟಕ್ಕೆ ತುಂಬಿಸಿ ತಿನ್ನುವ ವಿದ್ಯೆ ಉಡುಪಿ ಮಂಗಳೂರಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಪತ್ರೊಡೆಗೆ ಕೆಸುವಿನ ಎಲೆಯ ಮೇಲೆ ಎಲೆ ಇಟ್ಟು ಹಿಟ್ಟು ಹಚ್ಚುತ್ತಾ ಬಂದ ಕೈಗಳು ನಮ್ಮವು. ಈಗಲೂ ಯಾರಾದರೂ ಮೊದಲ ಸಲ ಮಾಡುವುದಾದರೆ ಲೋಟದಲ್ಲೇ ಮಾಡಿ ಎನ್ನುತ್ತೇನೆ.

ಈಗ ನಾವು ಕಡೆಯುವುದು ಬೆಳಗ್ಗೆ ಐದು ಗಂಟೆಗೆ. ಆ ಚಾರ್ಮಾಡಿ ಗಾಳಿಗೆ ಅಡುಗೆಮನೆಯ ಕಿಟಕಿ ತೆರೆದಿಟ್ಟು, ಪಾತ್ರೆಯನ್ನೂ ಕಡೆಗೋಲನ್ನೂ ಮೊದಲೇ ಫ್ರಿಜ್ಜಿನಲ್ಲಿಟ್ಟು, ಐಸಿನ ಮೇಲೆ ಕೂರಿಸಿ. ಒಂದು ಪದರ ಕೇಕು, ಪುನರ್ಪುಳಿ, ಕರಂಡೆ, ಕ್ರೀಮು. ಎರಡನೆಯದಕ್ಕೆ ಮನೆಯ ಕೊಕ್ಕೋವನ್ನು ಸಕ್ಕರೆ ಹಾಕಿ ಬಿಸಿ ಕ್ರೀಮಿನಲ್ಲಿ ಕರಗಿಸಿದ್ದು, ಅದರ ಮೇಲೆ ಮತ್ತೆ ಕರಂಡೆ. ಮೂರನೆಯದರ ಮೇಲೆ ಬರೀ ಕ್ರೀಮು, ಬದಿಗೆ ಪೀಲರಿನಲ್ಲಿ ಹೆರೆದ ಕ್ಯಾಂಪ್ಕೊ ಚಾಕೊಲೆಟ್. ಚೆರ್ರಿ ಇರಬೇಕಾದ ಎಂಟು ಜಾಗದಲ್ಲಿ ಎಂಟು ಕರಂಡೆ.

ಖಾಲಿ ತಟ್ಟೆ ಕೊಡಬಾರದು

ಬೆಳ್ತಂಗಡಿ, ಮಡಂತ್ಯಾರು, ಬಂಟ್ವಾಳದ ಮೊಡಂಕಾಪು, ಮೂಡುಬಿದಿರೆಯ ಅಲಂಗಾರು, ಹೀಗೆ ಈ ಸುತ್ತಿನಲ್ಲಿ ಚರ್ಚು ಇರುವಲ್ಲೆಲ್ಲ ಡಿಸೆಂಬರ್ ನಡುವಿನಿಂದ ಎಣ್ಣೆ ಕಾಯುವ ವಾಸನೆ. ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಕುಸ್ವಾರ್ ಮಾಡುವ ದಿನಗಳು ಅವು. ನೆವ್ರಿ, ಕಿಡ್ಯೊ, ಗುಳಿಯೊ, ಕೊಕ್ಕಿಸಾಂ, ಚಕ್ಕುಲಿ, ಪ್ಲಮ್ ಕೇಕು. ನಮ್ಮ ಗಡಿ ದಾಟಿದರೆ ಸಿಗುವ ಮನೆಯ ಬಾಯಮ್ಮ ಈಗಲೂ ಕೇಕನ್ನು ಅಡಿಯಲ್ಲಿ ಮರಳು, ಮುಚ್ಚಳದ ಮೇಲೆ ತೆಂಗಿನ ಗೆರಟೆಯ ಕೆಂಡ ಇಟ್ಟು ಸುಡುತ್ತಾರೆ. ನಾನು ಈ ಮನೆಗೆ ಬಂದ ವರ್ಷದಿಂದ ಪ್ರತಿ ಡಿಸೆಂಬರ್ 24ರ ಸಂಜೆ ಅವರ ಮನೆಯ ತಟ್ಟೆ ಬರುತ್ತದೆ, ಮೇಲೆ ಕಸೂತಿಯ ಬಟ್ಟೆ ಮುಚ್ಚಿ. ನಮ್ಮಲ್ಲಿ ಮೊಟ್ಟೆ ಇಲ್ಲವೆಂದು ಕೇಕಿನ ತುಂಡು ಇಡುವುದಿಲ್ಲ, ಅದರ ಜಾಗಕ್ಕೆ ನಾಲ್ಕು ನೆವ್ರಿ ಜಾಸ್ತಿ.

ತಟ್ಟೆಯನ್ನು ಖಾಲಿ ಹಿಂದೆ ಕೊಡುವ ಕ್ರಮ ಇಲ್ಲ. ಅತ್ತೆ ಸಕ್ಕರೆ ಹಾಕಿ ಕೊಡುತ್ತಿದ್ದರು, ಕೆಲವೊಮ್ಮೆ ಬಾಳೆಗೊನೆಯ ಒಂದು ಚಿಪ್ಪು. ಎರಡು ವರ್ಷದ ಹಿಂದೆ, ಪದರ ನೆಟ್ಟಗೆ ನಿಂತ ಮೊದಲ ಸಲ, ಅದೇ ತಟ್ಟೆಯಲ್ಲಿ ನಾನು ಈ ಕೇಕಿನ ನಾಲ್ಕು ತುಂಡು ಇಟ್ಟುಕೊಂಡು 25ರ ಬೆಳಗ್ಗೆ ತೋಡು ದಾಟಿದೆ. ಅವರು ಪೂಜೆ ಮುಗಿಸಿ ಬಂದು ಜಗಲಿಯಲ್ಲಿ ಕೂತಿದ್ದರು. ಚಮಚ ತಂದರು. ಮೇಲಿನ ಹಣ್ಣನ್ನು ಮೊದಲು ಬಾಯಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

"ಉಂದು ಕರಂಡೆ ಅತ್ತಾ?"

ಹೌದು, ಕರಂಡೆಯೇ ಎಂದೆ. ಎಲ್ಲಿಂದ ಸಿಕ್ಕಿತು ಎಂದು ಕೇಳಿದರು. ಅವರ ಮನೆಯ ಹಿಂದಿನ ಗುಡ್ಡವನ್ನು ರಬ್ಬರಿಗೆಂದು ಜೆಸಿಬಿ ತಂದು ಸಮ ಮಾಡಿದ ಮೇಲೆ ಅಲ್ಲಿ ಒಂದು ಪೊದೆಯೂ ಉಳಿದಿಲ್ಲ. ಆಚೆಯದ್ದು ಕೆಂಪುಕಲ್ಲಿನ ಕೋರೆ ಆಗಿದೆ. ನಮ್ಮ ಬದಿಯಲ್ಲೂ ಎಣಿಸಿದರೆ ಹನ್ನೊಂದು ಪೊದೆ. ಬಿಸಿಲು ಬಿದ್ದ ಖಾಲಿ ಗುಡ್ಡವನ್ನು ಉಪಯೋಗವಿಲ್ಲದ ಜಾಗ ಎಂದು ಬರೆದಿಡುವ ನಮಗೆ ಅಲ್ಲಿ ಏನಿತ್ತೆಂದು ಗೊತ್ತಾಗುವುದು ಅದು ಹೋದ ಮೇಲೆ. ಆ ಮಾತು ನಾವಿಬ್ಬರೂ ಆಡಲಿಲ್ಲ, ಆದರೆ ಇಬ್ಬರೂ ಅವರ ರಬ್ಬರ್ ಸಾಲಿನ ಕಡೆಗೇ ನೋಡುತ್ತಿದ್ದೆವು.

ಕರಂಡೆ ಬೀಜ ಇಟ್ಟರೆ ಕೆಡುತ್ತದೆ, ಹಣ್ಣಿನಿಂದ ತೆಗೆದ ಕೂಡಲೇ ಬಿತ್ತಬೇಕು. ಮುರಬ್ಬಕ್ಕೆಂದು ಬೀಜ ತೆಗೆದಾಗ ಒಂದು ಮುಷ್ಟಿ ನಾನು ಹಾಲಿನ ಖಾಲಿ ಪ್ಯಾಕೆಟ್‌ಗಳಲ್ಲಿ ಹಾಕಿಟ್ಟಿದ್ದೆ. ಹದಿನಾಲ್ಕು ಗಿಡ ಎದ್ದಿದ್ದವು, ಗೇಣುದ್ದಕ್ಕೆ ಬಂದಿದ್ದವು. ನಾಲ್ಕು ತರಲೇ ಎಂದು ಕೇಳಿದೆ.

"ಬೇಲಿಗೆ ಆಗ್ತದಲ್ಲ ಅಕ್ಕ," ಎಂದರು ಬಾಯಮ್ಮ. "ದನ ಒಳಗೆ ಬಾರದು. ಹಣ್ಣೂ ಆಯಿತು."

"ಈಗ ನೆಡಬೇಡಿ," ಎಂದೆ. "ಬಿಸಿಲಿಗೆ ಒಣಗಿ ಹೋಗ್ತದೆ. ಎರಡು ಮಳೆ ಬರಲಿ, ನಾನೇ ತರ್ತೇನೆ."

ಜೂನ್ ಎರಡನೇ ವಾರ ಒಯ್ದು ಕೊಟ್ಟೆ. ಮೂರು ಬದುಕಿವೆ.